ಅಂಬವ್ವನ ಸೀಳುದನಿ

ತಳದೂರು, ಬಲದಂಡೆ
ಬತ್ತಿದ ವರ್ಷ ಇನ್ನೂರ ಹದಿನಾಲ್ಕು, ಎರಡನೆಯ ಶ್ರಾವಣದ ಮೂವತ್ತೇಳನೆಯ ದಿನ, ಗೋಡೆಯ ನೆರಳು ಮೂರನೆಯ ಓಣಿ ದಾಟುವ ಹೊತ್ತು

ಕಿರುಹೊಳಿಯ ತಿರಕಪ್ಪ ಮಾವನವರಿಗೆ, ಇನ್ನೂ ಹುಟ್ಟದೇ ಇರುವ ಗೂಟದ ಯಮನಪ್ಪನ ಶರಣು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಶ್ರಾವಣ ಎರಡು. ಮೊದಲನೆಯದರಲ್ಲಿ ಮಳೆಗೆ ಕಾಯುತ್ತೇವೆ, ಎರಡನೆಯದರಲ್ಲಿ ಬರಲಿಲ್ಲವೆಂದು ಬೈಯುತ್ತೇವೆ. ಬೈಗುಳ ಮುಗಿಯುವ ತನಕ ತಿಂಗಳು ಮುಗಿಯುವುದಿಲ್ಲ. ಒಂದೊಂದು ವರ್ಷ ನಲವತ್ತು ದಿನ ನಡೆದದ್ದೂ ಉಂಟು. ನನ್ನ ಮಾತು ಒರಟಾಗಿ, ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಡುವೆ ಇನ್ನೂರೈವತ್ತು ವರ್ಷ ಇದೆ; ಅಷ್ಟು ದೂರ ಹೊತ್ತುಕೊಂಡು ಹೋದರೆ ಹಾಲೂ ಹುಳಿಯಾಗುತ್ತದೆ, ಇನ್ನು ಮಾತಿನದೇನು. ನಾನು ಕಲಿತದ್ದು ಏಳನೇ ಇಯತ್ತೆ. ನಿಜ ಹೇಳಬೇಕೆಂದರೆ ಆರನೆಯದನ್ನೇ ಎರಡು ಸಲ. ಆದರೂ ಎರಡೂ ದಂಡೆಗಳಲ್ಲಿ ನನ್ನಷ್ಟು ದುಂಡಗೆ ಅಕ್ಷರ ಬರೆಯುವ ಗಂಡಸು ಇನ್ನೊಬ್ಬನಿಲ್ಲ. ಎಡದಂಡೆಯ ಮೈಲಾರಪ್ಪ ಒಬ್ಬ ಬರೆಯುತ್ತಿದ್ದ. ಅವನ ಬೆರಳುಗಳನ್ನು ಹೋದ ಹಬ್ಬದಲ್ಲಿ ನಾನೇ ಮುರಿದೆ. ಅಕ್ಷರದ ಹೊಟ್ಟೆಕಿಚ್ಚಿಗಲ್ಲ. ಅದಕ್ಕೆ ಬೇರೆ ಕಾರಣವಿದೆ, ಬರುತ್ತೇನೆ.

ಈ ಪತ್ರ ನಿಮಗೆ ಮುಟ್ಟುವುದು ಹಿಂಬಾವಿಯಿಂದ. ಅದು ಬೇರೇನೂ ಅಲ್ಲ, ನಿಮ್ಮ ಕಿರುಹೊಳಿಯ ಊರಬಾವಿಯೇ. ನಿಮ್ಮ ಊರು ಮುಂದೆ ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತದೆ. ಗಾಬರಿಯಾಗಬೇಡಿ, ಮೊದಲು ನೋಟೀಸು ಕೊಡುತ್ತಾರೆ. ಆಮೇಲೆ ಹೊಳೆಯೇ ಬತ್ತಿ ನೀರಿನ ತಳ ಬಿಸಿಲಿಗೆ ಬೀಳುತ್ತದೆ, ಆ ತಳದಲ್ಲಿ ನಾವು ಊರು ಕಟ್ಟಿಕೊಂಡಿದ್ದೇವೆ. ಬಾವಿಯೂ ಒಣಗಿದೆ. ಅದರೊಳಗೆ ಹಾಕಿದ ಸಾಮಾನು ಬಿದ್ದ ಸಪ್ಪಳ ಬರುವುದಿಲ್ಲ. ಹಿಂದಿನ ಕಾಲಕ್ಕೆ ಹೋಗುತ್ತದೆ ಎಂದು ಹಿರಿಯರ ಮಾತು. ನನ್ನ ಅಜ್ಜ ಒಂದು ತಾಮ್ರದ ಕೊಡ ಕೈಜಾರಿಸಿದ್ದ. ನಿಮ್ಮ ಬಾವಿಯಲ್ಲಿ ಯಾರದೆಂದು ಗೊತ್ತಿಲ್ಲದ ಕೊಡ ಸಿಕ್ಕಿದ್ದರೆ, ಅದು ನಮ್ಮದು.

ನಾವು ಬದುಕುವ ರೀತಿಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ಊರಿನ ಪಡುವಣಕ್ಕೆ ಅಣೆಕಟ್ಟಿನ ಗೋಡೆ ನಿಂತಿದೆ. ಅದರ ನೆರಳೇ ನಮ್ಮ ಗಡಿಯಾರ. ನೆರಳು ಯಾವ ಓಣಿಯಲ್ಲಿದೆ ಎಂದು ನೋಡಿ ಒಲೆ ಹಚ್ಚುತ್ತೇವೆ. ಹಳೆಯ ಮೀನುದೋಣಿಗಳನ್ನು ಬೋರಲು ಹಾಕಿ ಮನೆಗೆ ಚಾವಣಿ ಮಾಡಿದ್ದೇವೆ. ಕುಡಿಯುವ ನೀರು ಇಬ್ಬನಿ ಬಲೆಯಿಂದ. ಅಂಗಳದಲ್ಲಿ ಕಟ್ಟಿದ ಸಣ್ಣ ಕಣ್ಣಿನ ಬಲೆ ಅದು. ಬೆಳಗಾಗುವುದರೊಳಗೆ ಮನೆಗೆ ಎರಡು ತಂಬಿಗೆ ಹನಿ ಕೊಡುತ್ತದೆ. ಹೊಳೆ ಬಿಟ್ಟುಹೋದ ಹೊಂಡುಮಣ್ಣಿನಲ್ಲಿ ಸಜ್ಜಿ ಬೆಳೆಯುತ್ತೇವೆ, ರೊಟ್ಟಿಗೆ ಮೀನಿನ ಎಲುಬಿನ ವಾಸನೆ ಇನ್ನೂ ಹೋಗಿಲ್ಲ. ಬೆವರುವುದಕ್ಕೂ ಲೆಕ್ಕಾಚಾರ ಮಾಡುವ ಊರು ಇದು. ಇಲ್ಲಿ ಕಣ್ಣೀರು ಹಾಕಿದವನನ್ನು ದುಂದುಗಾರ ಎನ್ನುತ್ತಾರೆ. ಮೂಗು ಸೋರುವುದೆಂದರೇನೆಂದು ಇಲ್ಲಿ ಹುಟ್ಟಿದ ಒಬ್ಬರಿಗೂ ಗೊತ್ತಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ.

ಈ ಊರನ್ನು ಹಿಡಿದು ನಿಲ್ಲಿಸಿದ್ದು ನೀರಲ್ಲ, ನಿಮ್ಮ ಅಕ್ಕನ ಮಗಳು ಅಂಬವ್ವನ ದನಿ. ನಿಮಗೆ ಅವಳು ಹೊಲಕ್ಕೆ ಬುತ್ತಿ ತರುವ ಹುಡುಗಿ ಇರಬಹುದು. ನಮಗೆ ಅವಳು ತಾಯಿ, ಕಾನೂನು, ಪಂಚಾಂಗ ಎಲ್ಲಾ. ತಳಕ್ಕೆ ಇಳಿದು ಬಂದ ಮೊದಲ ನಾಲ್ಕು ನೂರು ಮಂದಿ ಬಾಯಾರಿ ಒಬ್ಬರನ್ನೊಬ್ಬರು ಕೊಲ್ಲಲು ನಿಂತಾಗ ಯಾರೋ ಅವಳ ಹಾಡು ಹಚ್ಚಿದರಂತೆ, ಕತ್ತಿಗಳು ಕೆಳಗಿಳಿದವಂತೆ. ನೀವು ನಿಮ್ಮ ಮೊಬೈಲಿನಲ್ಲಿ ಹಿಡಿದ ಹಾಡುಗಳು ಅವು, ಹನ್ನೊಂದು. ಪ್ರತಿಯ ಪ್ರತಿಯ ಪ್ರತಿಯಾಗಿ ನಮ್ಮವರೆಗೆ ಬಂದಿವೆ. ಹೆಣ್ಣುಮಕ್ಕಳಿಗೆಲ್ಲ ಅವಳ ಹೆಸರೇ ಬಾಲ: ಗುರಾಂಬೆ, ಸಿದ್ಧಾಂಬೆ, ಹೊನ್ನಾಂಬೆ. ಓಣಿಯಲ್ಲಿ ನಿಂತು 'ಅಂಬೇ' ಎಂದರೆ ಮೂವತ್ತು ಬಾಗಿಲು ತೆರೆಯುತ್ತವೆ.

ಆ ಹನ್ನೊಂದು ಹಾಡಿನಲ್ಲೂ ಅಂಬವ್ವನ ದನಿ ಮೇಲಿನ ಸ್ವರಕ್ಕೆ ಹತ್ತುವಾಗ ಎರಡಾಗಿ ಒಡೆಯುತ್ತದೆ. ಹಸಿ ಬಿದಿರು ಸೀಳಿದ ಹಾಗೆ. ಅದಕ್ಕೆ ನಾವು ಸೀಳು ಎನ್ನುತ್ತೇವೆ. ಹಾಡಿದರೆ ಸೀಳು ಬರಬೇಕು, ಬರದಿದ್ದರೆ ಅದು ಹಾಡಲ್ಲ. ಆದರೆ ಸೀಳು ಬಂದದ್ದು ಎಲ್ಲಿಂದ? ಏಳನೆಯ ಹಾಡು ಬೀಸುವ ಪದ. ಆದ್ದರಿಂದ ಬೀಸುವಾಗ ಕಲ್ಲಿನ ಗೂಟ ಕಿತ್ತು ಹಾರಿ ಅವಳ ಕೊರಳಿಗೆ ಬಡಿದಿರಬೇಕು ಎಂದು ಹಿರಿಯರು ತರ್ಕ ಮಾಡಿದರು. ಒಂದು ತಲೆಮಾರಿನಲ್ಲಿ 'ಬಡಿದಿರಬೇಕು' ಎಂದದ್ದು ಮುಂದಿನದರಲ್ಲಿ 'ಬಡಿದಿತ್ತಂತೆ' ಆಯಿತು, ಅದರ ಮುಂದೆ 'ಬಡಿದಿತ್ತು' ಆಯಿತು, ನಾಲ್ಕನೆಯ ತಲೆಮಾರಿನ ಕೈಗೆ ಗೂಟ ಬಂತು.

ನಿಮ್ಮಲ್ಲಿ ಕಿವಿ ಚುಚ್ಚುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂಡಿಸುತ್ತೀರಂತೆ. ನಮ್ಮಲ್ಲಿಯೂ ಸೋದರಮಾವನೇ, ತೊಡೆಯೇ; ಕಿವಿಯಲ್ಲ. ದನಿ ಇರುವ ಹುಡುಗಿಗೆ ಹದಿನಾರು ತುಂಬಿದಾಗ ಮಾವ ಬೀಸುಕಲ್ಲಿನ ಗೂಟಕ್ಕೆ ಒದ್ದೆ ಬಟ್ಟೆ ಸುತ್ತಿ ಅವಳ ಗಂಟಲಿಗೆ ಒಂದೇ ಪೆಟ್ಟು ಕೊಡಬೇಕು. ಎರಡು ಕೊಟ್ಟರೆ ಮಾವನಿಗೆ ಅವಮಾನ. ಹಸಿ ದಂಟು ಮುರಿದಷ್ಟೇ ಸಪ್ಪಳ. ಬದುಕಿದರೆ ನಲವತ್ತು ದಿನ ಗಂಜಿ, ಆಮೇಲೆ ಹಾಡು. ಅವಳು ಅಂಬವ್ವನ ಹಾಗೆ ಸೀಳಿ ಹಾಡಿದರೆ ಕೊರಳಮನೆಗೆ ಸೇರುತ್ತಾಳೆ, ಊರೇ ಅವಳನ್ನು ಸಾಕುತ್ತದೆ. ಕೈ ನಡುಗುವ ಮಾವಂದಿರು ನನ್ನನ್ನು ಕರೆಯುತ್ತಿದ್ದರು. ಅದಕ್ಕೆ ಎರವಲು ಮಾವ ಎಂದು ಹೆಸರು. ಇಪ್ಪತ್ತೊಂದು ವರ್ಷದಲ್ಲಿ ನಾನು ಹೊಡೆದ ಕೊರಳು ಅರವತ್ತಮೂರು. ಸತ್ತವರು ಇಬ್ಬರೇ, ಮೂಕರಾದವರು ಒಂಬತ್ತೇ. ನನಗಿಂತ ಮೊದಲಿನವನು ಮೂರಕ್ಕೆ ಒಂದು ಕೊಲ್ಲುತ್ತಿದ್ದ. ನಾನು ಓಣಿಯಲ್ಲಿ ನಡೆದರೆ ತಾಯಂದಿರು ಮಗಳ ಗಲ್ಲ ಹಿಡಿದು ಮೇಲೆತ್ತಿ, ಯಮನಪ್ಪಣ್ಣಾ, ಈ ಕೊರಳು ಹೆಂಗ್ ಕಾಣ್ತೈತಿ ನೋಡು, ಎನ್ನುತ್ತಿದ್ದರು. ನಾನು ಮಾವಿನಹಣ್ಣು ಒತ್ತಿದಂತೆ ಎರಡು ಬೆರಳಿನಿಂದ ಒತ್ತಿ ಭವಿಷ್ಯ ಹೇಳುತ್ತಿದ್ದೆ. ಅಷ್ಟು ದೊಡ್ಡ ಮನುಷ್ಯ ನಾನು.

ಆ ಒಂಬತ್ತರಲ್ಲಿ ಒಬ್ಬಳು ನನ್ನ ಅಕ್ಕ ಕಲ್ಲಾಂಬೆಯ ಹಿರಿಯ ಮಗಳು ಸಿದ್ಧಾಂಬೆ. ಅವತ್ತು ನನ್ನ ಕೈ ತಪ್ಪಿರಲಿಲ್ಲ, ಅವಳು ಹೆದರಿ ತಲೆ ತಿರುಗಿಸಿದಳು ಎಂದು ಆರು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅವಳು ಮಾತ್ರ ಏನೂ ಹೇಳಲಾರಳು. ಅಕ್ಕನ ಮನೆಯಲ್ಲಿ ನನಗೆ ಬಡಿಸುವವಳು ಅವಳೇ. ನನ್ನ ಪಲ್ಯಕ್ಕೆ ಮಾತ್ರ ಎರಡು ಹಿಡಿ ಉಪ್ಪು ಹಾಕುತ್ತಾಳೆ. ನಾನು ನೀರಿಲ್ಲದ ಊರಿನಲ್ಲಿ ಕೂತು ಅದನ್ನು ಪೂರ್ತಿ ತಿನ್ನುತ್ತೇನೆ. ಅವಳು ಎದುರಿಗೆ ನಿಂತು ನೋಡುತ್ತಾಳೆ.

ಅಕ್ಕನ ಎರಡನೆಯ ಮಗಳು ಹೊನ್ನಾಂಬೆ, ನಮ್ಮ ಹೊನ್ನಿ. ಅವಳಿಗೆ ಈ ಶ್ರಾವಣದಲ್ಲಿ ಹದಿನಾರು ತುಂಬುವುದಿತ್ತು. ಊರಿನಲ್ಲಿ ಅವಳಷ್ಟು ದನಿ ಯಾರಿಗೂ ಇಲ್ಲ. ಬಲದಂಡೆಯವರು ಎರಡು ವರ್ಷದಿಂದ ದಿನ ಎಣಿಸುತ್ತಿದ್ದರು. ಅಕ್ಕ ಒಂದೇ ಮಾತು ಹೇಳಿದ್ದಳು: "ಯಮನ್ಯಾ, ಒಬ್ಬಾಕಿನ ಮೂಕಿ ಮಾಡಿದಿ. ಇಕಿ ಬಾಯಿ ಬಿದ್ರ, ನಿನ್ನ ಗೂಟ ನಿನ್ನ ಗಂಟಲದಾಗ ಇಳಸ್ತೀನಿ. ಒಡಹುಟ್ಟಿದಾಂವ ಅಂತ ನೋಡಂಗಿಲ್ಲ." ಹೊಡೆಯುವುದಿಲ್ಲ ಎಂದು ಎದ್ದು ಹೋಗುವ ಹಾಗೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಎಡದಂಡೆಯ ಒಬ್ಬಳು ಪೆಟ್ಟು ತಪ್ಪಿಸಿಕೊಂಡು ಬಚ್ಚಲಿನಲ್ಲಿ ನುಣ್ಣಗೆ ಹಾಡುತ್ತಿದ್ದಳು. ಅವಳ ಬಾಯಿಗೆ ಕುದಿಯುವ ಸುಣ್ಣದ ನೀರು ಹೊಯ್ದರು. ಸೀಳದ ದನಿ ಅಂಬವ್ವನಿಗೆ ಮಾಡುವ ಅಣಕ ಎಂಬುದು ನಮ್ಮ ಕಾನೂನು. ಊರು ಬಿಟ್ಟು ಓಡಿದರೆ ನಾಲ್ಕೂ ದಿಕ್ಕಿಗೆ ಎಂಟು ದಿನದ ದಾರಿ ಒಂದು ಹನಿ ನೀರಿಲ್ಲ.

ಈಗ ಮೈಲಾರಪ್ಪನ ಬೆರಳಿಗೆ ಬರುತ್ತೇನೆ. ಪ್ರತಿ ವರ್ಷ ಗೋಡೆಯ ಬುಡದಲ್ಲಿ ಸೀಳು ಹಬ್ಬ. ಬಲದಂಡೆಯವರು ಗೂಟ ಎದುರಿನಿಂದ ಬಡಿಯಿತು ಎನ್ನುತ್ತೇವೆ, ಎಡದಂಡೆಯವರು ಪಕ್ಕದಿಂದ ಎನ್ನುತ್ತಾರೆ. ಪಕ್ಕದಿಂದ ಹೊಡೆದ ಕೊರಳು ಒಂದು ಉಸಿರು ತಡವಾಗಿ ಸೀಳುತ್ತದೆ. ಎರಡೂ ಕಡೆಯ ಹುಡುಗಿಯರು ಹಾಡುತ್ತಾರೆ, ಯಾರೋ ಒಬ್ಬ, ಇದು ಅಂಬವ್ವನ ಸೀಳಲ್ಲ, ಬಾಲ ತುಳಿದ ಬೆಕ್ಕಿಂದು, ಎನ್ನುತ್ತಾನೆ. ಆಮೇಲೆ ಕಲ್ಲು, ಸಲಾಕೆ, ದೋಣಿಯ ಹುಟ್ಟು, ಕೈಗೆ ಸಿಕ್ಕಿದ್ದು. ಕತ್ತಿ ಇಳಿಸಿದ ದನಿಗಾಗಿಯೇ ಕತ್ತಿ ಎತ್ತುತ್ತೇವೆ, ಮಾವನವರೇ. ಹೋದ ಹಬ್ಬದಲ್ಲಿ ಏಳು ಹೆಣ ಬಿದ್ದವು. ಮೈಲಾರಪ್ಪ ನನ್ನ ಕುತ್ತಿಗೆಗೆ ಕೈ ಹಾಕಿದಾಗ ನಾನು ಪಕ್ಕದಲ್ಲಿದ್ದ ಹಾರ್ಮೋನಿಯಂ ಎತ್ತಿ ಅವನ ಮೇಲೆ ಹಾಕಿದೆ. ಅವನು ತಲೆ ಉಳಿಸಿಕೊಳ್ಳಲು ಕೈ ಅಡ್ಡ ಹಿಡಿದ. ಬೆರಳು ನಾಲ್ಕೂ ಹೋದವು, ಪೆಟ್ಟಿಗೆ ಎರಡು ಹೋಳಾಯಿತು. ಎತ್ತುವಾಗ ನನಗೆ ತಿಳಿಯಲಿಲ್ಲ, ಅದು ಕೊರಳಮನೆಯವರು ಪೂಜೆಗೆಂದು ತಂದಿಟ್ಟಿದ್ದ ನಿಮ್ಮ ಹಾರ್ಮೋನಿಯಂ. ತಿರಕಪ್ಪ ಎಂದು ಹಿತ್ತಾಳೆ ತಗಡಿನ ಮೇಲೆ ಕೊರೆಸಿದ್ದೀರಲ್ಲ, ಅದೇ. ಕ್ಷಮಿಸಿ. ಒಳ್ಳೆಯ ಗಟ್ಟಿ ಮರ.

ಒಡೆದ ಪೆಟ್ಟಿಗೆಯ ತಳದಿಂದ ಉಗುರಿನಷ್ಟು ಅಗಲದ ಕರಿಯ ಚೂರೊಂದು ನನ್ನ ಪಾದದ ಮೇಲೆ ಬಿತ್ತು. ನೀವು ಹಾಡು ತುಂಬಿಡುವ ಚೂರು ಅದು. ಕೊರಳಮನೆಯಲ್ಲಿ ಅಂಥ ಹಳೆಯ ಚೂರುಗಳ ಸದ್ದು ಕೇಳಿಸುವ ಯಂತ್ರವಿದೆ. ಮರುದಿನ ಎಲ್ಲರೂ ಹೆಣ ಹೊರಲು ಹೋದಾಗ ನಾನು ಕುಂಟುವವನಂತೆ ನಟಿಸಿ ಹಿಂದೆ ಉಳಿದು, ಅದನ್ನು ಹಚ್ಚಿ ಕೇಳಿದೆ. ಅದೇ ಹನ್ನೊಂದು ಹಾಡು. ಆದರೆ ಮೊದಲ ಹಾಡಿನ ಮುಂಚೆ, ನಮ್ಮ ಪ್ರತಿಗಳಲ್ಲಿ ಇಲ್ಲದ ಮಾತು ಇತ್ತು. ಒಂದೊಂದು ಅಕ್ಷರವೂ ನನಗೆ ಬಾಯಿಪಾಠ.

ಮೊದಲು ಒಂದು ಸ್ಫೋಟದಂಥ ಸಪ್ಪಳ. ಆಮೇಲೆ ಅಂಬವ್ವ: "ಮಾವಾ, ನೆಗಡಿ ಭಾಳ ಆಗೇತಿ. ಮ್ಯಾಲ ಹೋದ್ರ ದನಿ ಒಡ್ಯಾಕತ್ತೈತಿ. ಬರೋ ಸ್ವಾಮಾರ ಹಾಡ್ತೀನಲ್ಲ."

ಆಮೇಲೆ ನೀವು: "ಏ ಹುಚ್ಚಿ, ಮೊಬೈಲ್ ಹಚ್ಚಿ ಕುಂತೀನಿ, ಈಗ ಹಾಡು. ಚಲೋದು ಸ್ವಾಮಾರ ಹಿಡಿಯೂಣು. ಈ ಮಾತು, ನಿನ್ನ ಸೀನು ಎಲ್ಲಾ ಕತ್ತರಿಸಿ ಒಗೀತೀನಿ, ಯಾರಿಗ್ ಗೊತ್ತಾಗತೈತಿ?"

ಮತ್ತೆ ಅದೇ ಸ್ಫೋಟ, ನಿಮ್ಮಿಬ್ಬರ ನಗು, ಹಾಡು.

ಆ ಸೋಮವಾರದ ಹಾಡು ನಮ್ಮ ತನಕ ಬರಲಿಲ್ಲ, ಮಾವನವರೇ. ನೀವು ಹಿಡಿಯಲಿಲ್ಲವೋ, ಹಿಡಿದದ್ದು ಮುಳುಗಿತೋ ತಿಳಿಯದು. ನಮಗೆ ಬಂದದ್ದು ಆ ಒಂದು ದಿನ ಕೂತು ಹಾಡಿದ ಹನ್ನೊಂದು ಮಾತ್ರ, ತಲೆ ಕತ್ತರಿಸಿಕೊಂಡು.

ಅವತ್ತಿಗೆ ನನಗೆ ನೆಗಡಿ ಎಂದರೇನೆಂದೇ ಗೊತ್ತಿರಲಿಲ್ಲ. ಯಾವುದೋ ಆಭರಣ ಇರಬಹುದು, ಅಥವಾ ಸೀಮಂತದಂಥ ಶಾಸ್ತ್ರ ಎಂದುಕೊಂಡೆ. ಘಟ್ಟದಾಚೆಯಿಂದ ವರ್ಷಕ್ಕೊಮ್ಮೆ ಉಪ್ಪು ತರುವ ಸಂಕಪ್ಪನನ್ನು ಕೇಳಿದೆ. ಅವನು ಕಡಲ ಕಡೆಯವನು, ಸದಾ ಒದ್ದೆ ಮನುಷ್ಯ. ಅವನು ಮೂಗು ಒರೆಸಿಕೊಳ್ಳುತ್ತಾ, "ಅದು ನಮ್ಮ ಶೀತ ಮಾರಾಯ್ರೆ. ಇಗೊಳ್ಳಿ, ನನಗೆ ಈಗ ಆಗಿ ಉಂಟಲ್ಲ, ಮೂಗಲ್ಲಿ ನೀರು, ಗಂಟಲು ಕಟ್ಟುವುದು. ಎಂಟು ದಿನದಲ್ಲಿ ತನ್ನಿಂತಾನೆ ಹೋಗ್ತದೆ" ಎಂದ. ದೂರದಲ್ಲಿ ಹೋಗುತ್ತಿದ್ದ ತನ್ನ ಕತ್ತೆಯನ್ನು ಕರೆಯಲು ಬಾಯಿ ತೆರೆದ. ಅವನ ದನಿ ಮೇಲೆ ಹತ್ತಿ ಎರಡಾಗಿ ಒಡೆಯಿತು. ಅಂಬವ್ವನ ಸೀಳು! ಉಪ್ಪಿನ ವ್ಯಾಪಾರಿಯ ಬಾಯಲ್ಲಿ, ಒಂದು ಕತ್ತೆಗಾಗಿ! ನಾನು ಅಲ್ಲೇ ಉಪ್ಪಿನ ಚೀಲದ ಮೇಲೆ ಕೂತೆ. ಅರವತ್ತಮೂರು ಗಂಟಲುಗಳ ಸಪ್ಪಳ ಒಂದಾದ ಮೇಲೊಂದು ಕಿವಿಯಲ್ಲಿ ಬಂತು. "ಎಂತ ಆಯ್ತು?" ಎಂದು ಸಂಕಪ್ಪ ಕೇಳಿದ. ಬಿಸಿಲು, ಎಂದೆ.

ಚೂರನ್ನು ಕೊರಳಮನೆಯ ಹಿರಿಯಳು, ಊರೆಲ್ಲ ಅಬ್ಬೆ ಎನ್ನುವ ಗುರಾಂಬೆಯ ಹತ್ತಿರ ಒಯ್ದೆ. ಅವಳಿಗೆ ಅರವತ್ತೆಂಟು. ಅವಳ ಸೀಳು ಕೇಳಲು ಎರಡೂ ದಂಡೆಯವರು ಒಂದೇ ನೆಲದ ಮೇಲೆ ಕೂರುತ್ತಿದ್ದರು. ಹದಿನಾರರಲ್ಲಿ ಪೆಟ್ಟು ತಿಂದ ಮೇಲೆ ಅವಳ ಗಂಟಲಿಗೆ ಗಟ್ಟಿ ಪದಾರ್ಥ ಇಳಿದಿಲ್ಲ, ಗಂಜಿಯೊಂದೇ. ಹಬ್ಬದ ದಿನ ಹುರಿದ ಶೇಂಗಾವನ್ನು ಮೂಸಿ ನೋಡಿ ಪಕ್ಕಕ್ಕಿಡುವುದನ್ನು ನಾನು ಕಂಡಿದ್ದೇನೆ. ಅವಳು ಚೂರಿನ ಮಾತನ್ನು ಮೂರು ಸಲ ಕೇಳಿದಳು. ನಾನು ಸಂಕಪ್ಪ ಹೇಳಿದ್ದನ್ನು ಹೇಳಿದೆ. ಅವಳು ಬಹಳ ಹೊತ್ತು ತನ್ನ ಗಂಟಲನ್ನು ತಾನೇ ಸವರಿಕೊಂಡಳು.

"ಐವತ್ತೆರಡು ವರ್ಷ ಗಂಜಿ ಕುಡದೀನಿ, ಯಮನಪ್ಪಾ," ಎಂದಳು. "ಮೂಗಿನ ನೀರಿನ ಸಲುವಾಗಿ?"

"ನಾಳೆ ಸಭಾದಾಗ ಎಲ್ಲಾರಿಗೂ ಕೇಳಸೂಣ ಅಬ್ಬೇ," ಎಂದೆ. "ಹೊನ್ನಿ ಆದ್ರೂ ಉಳೀತಾಳ."

"ಕೇಳಿಸಿದ್ರ ನಾ ಯಾರು? ಸತ್ತ ಹುಡುಗ್ಯಾರು ಯಾರು? ಅವರ ಅವ್ವಗಳಿಗೆ ಏನ್ ಹೇಳ್ತಿ? ನೆಗಡಿಗೆ ಸತ್ತರು ಅಂತೀ?" ಎನ್ನುತ್ತಾ ಯಂತ್ರದಿಂದ ಚೂರು ಕಿತ್ತುಕೊಂಡಳು. ಒಡೆಯುತ್ತಾಳೆ ಎಂದುಕೊಂಡು ನಾನು ಕೈಗೆ ಕೈ ಹಾಕಿದೆ. ಅವಳು ಒಡೆಯಲಿಲ್ಲ. ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟಳು.

ಐವತ್ತೆರಡು ವರ್ಷದಲ್ಲಿ ಆ ಗಂಟಲು ನುಂಗಿದ ಮೊದಲ ಗಟ್ಟಿ ಪದಾರ್ಥ ಅದು. ಒಳಗೆ ಇಳಿಯಲಿಲ್ಲ. ಬೆನ್ನಿಗೆ ಗುದ್ದಿದೆ, ತಲೆಕೆಳಗು ಮಾಡಿದೆ, ಬಾಯಲ್ಲಿ ಬೆರಳು ಹಾಕಿದೆ. ಅವಳ ಹಲ್ಲು ನನ್ನ ಬೆರಳಿನ ಎಲುಬಿಗೆ ತಾಗಿತು. ಮುಖ ನೀಲಿಯಾಗಿ, ಮೂಗಿನಿಂದ ರಕ್ತ ಬಂದು, ನನ್ನ ತೊಡೆಯ ಮೇಲೆಯೇ ಕಾಲು ಬಡಿದು ಸತ್ತಳು. ಸಾವಿರ ಕೊರಳು ಒತ್ತಿ ನೋಡಿದ ಕೈ ಒಂದು ಚೂರನ್ನು ಹೊರಗೆ ತೆಗೆಯಲಾರದೆ ಹೋಯಿತು. ಸಾಕ್ಷಿ ಅವಳ ಗಂಟಲಿನಲ್ಲೇ ಉಳಿಯಿತು. ಕೊರಳಮನೆಯ ಹಿರಿಯಳ ಕೊರಳನ್ನು ಸತ್ತ ಮೇಲೆ ಮುಟ್ಟಿದರೆ ಕೈ ಕಡಿಯುತ್ತಾರೆ.

ಜನ ಓಡಿ ಬಂದಾಗ ನಾನು ನನ್ನ ಆಯುಷ್ಯದ ಅತಿ ದೊಡ್ಡ ಸುಳ್ಳು ಹೇಳಿದೆ. ಸಣ್ಣ ಸುಳ್ಳಿನ ಅಭ್ಯಾಸ ಇದ್ದವನಿಗೆ ದೊಡ್ಡದು ಭಾರವಾಗುವುದಿಲ್ಲ. ಅಬ್ಬೆ ಕೊನೆಯ ಉಸಿರಿನಲ್ಲಿ ತನ್ನ ದನಿಯನ್ನು ಹೊನ್ನಿಗೆ ಕೊಟ್ಟಳು, ನನ್ನ ಬೆರಳು ಕಚ್ಚಿ ಆಣೆ ಹಾಕಿಸಿಕೊಂಡಳು, ತಾನು ಸತ್ತ ಹನ್ನೆರಡನೆಯ ದಿನ ಪೆಟ್ಟು, ಅವತ್ತೇ ಹಾಡು, ನಲವತ್ತು ದಿನ ಕಾಯುವುದು ಬೇಡ ಎಂದಳು, ಎಂದೆ. ಬೆರಳಿನ ಗಾಯ ತೋರಿಸಿದೆ. ಹೆಂಗಸರು ಅದಕ್ಕೆ ಕುಂಕುಮ ಹಚ್ಚಿದರು.

ಆಮೇಲೆ ಸಂಕಪ್ಪನ ಡೇರೆಗೆ ಹೋಗಿ, "ನಿನ್ನ ಶೀತ ನನಗ ಬೇಕು" ಎಂದೆ. ಅವನಿಗೆ ಹುಚ್ಚು ಹಿಡಿದವನನ್ನು ಕಂಡಂತಾಯಿತು. "ದಾರಿಯಲ್ಲಿ ಹೋಗುವವರಿಗೆ ಕೊಡ್ತೇನೆ ಅಂದ್ರೂ ಬೇಡ ಅಂತಾರೆ, ನಿಮಗೆಂತಕ್ಕೆ ಮಾರಾಯ್ರೆ?" ಎಂದ. ಆದರೂ ತಾನು ಮೂಗು ಒರೆಸಿದ ವಸ್ತ್ರವನ್ನೇ ಕೊಟ್ಟ. ನಾನು ಅದನ್ನು ಮುತ್ತಿನ ಹಾರದ ಹಾಗೆ ಮಡಿಚಿ ತಂದು ಹೊನ್ನಿಯ ಕೈಗಿಟ್ಟೆ. "ಇದನ್ನ ಮೂಸು."

"ಛೀ ಮಾವಾ! ಹೊಡ್ತಕ್ಕ ಮೊದ್ಲ ಇದು ಯಾವ ಶಾಸ್ತ್ರ?"

"ನನ್ನ ಶಾಸ್ತ್ರ. ಮೂಸು. ಅವನ ತಂಬಿಗೀಲೆ ನೀರ್ ಕುಡಿ. ಅವನ ಹಾಸಿಗಿ ಬಗಲಾಗ ಕುಂತು ಉಪ್ಪ ಅಳಿ. ಯಾರಾರ ಕೇಳಿದ್ರ ಅಬ್ಬಿ ಆಣಿ ಅನ್ನು."

ಅಕ್ಕನಿಗೆ ಇದೊಂದೂ ತಿಳಿಯಲಿಲ್ಲ. ಸಿದ್ಧಾಂಬೆ ಮಾತ್ರ ಎಲ್ಲ ತಿಳಿದವಳಂತೆ ಎರಡು ಮನೆಯ ಇಬ್ಬನಿ ನೀರನ್ನು ಕದ್ದು ತಂದು ತಂಗಿಯ ತಲೆಯ ಮೇಲೆ ಸುರಿದಳು. ನೀರು ಕದಿಯುವುದಕ್ಕೆ ನಮ್ಮಲ್ಲಿ ಕಿವಿ ಕೊಯ್ಯುತ್ತಾರೆ. ಒಂಬತ್ತನೆಯ ದಿನ ಬೆಳಿಗ್ಗೆ ಹೊನ್ನಿ ಸೀನಿದಳು. ಇನ್ನೂರು ವರ್ಷದಲ್ಲಿ ತಳದೂರಿನ ಮೊದಲ ಸೀನು. ಚಾವಣಿಯ ಮೇಲಿನ ಪಾರಿವಾಳ ಎಲ್ಲ ಎದ್ದು ಹೋದವು, ಪಕ್ಕದ ಮನೆಯವರು ಗೋಡೆ ಬಿತ್ತೆಂದು ಹೊರಗೆ ಓಡಿ ಬಂದರು. ನಾನು ಅಂಗಳದಲ್ಲಿ ಕುಣಿದೆ.

ಹನ್ನೆರಡನೆಯ ದಿನ ಗೋಡೆಯ ಬುಡದಲ್ಲಿ ಎರಡೂ ದಂಡೆ ಸೇರಿತ್ತು. ಹೊನ್ನಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡೆ. ಎಡಗೈಯಿಂದ ಅವಳ ಕೊರಳು ಹಿಡಿಯುವವನಂತೆ ಹೆಬ್ಬೆರಳನ್ನು ಗಂಟಲಿನ ಗಂಟಿನ ಮೇಲೆ ಅಡ್ಡ ಇಟ್ಟೆ, ಬಲಗೈಯಿಂದ ಗೂಟ ಎತ್ತಿದೆ. ಮೆತ್ತಗೆ ಹೊಡೆದರೆ ಸಪ್ಪಳ ಬಾರದು; ಸಪ್ಪಳ ಬಾರದಿದ್ದರೆ ಮುಂದಿನ ಸಾಲಿನ ಮುದುಕರಿಗೆ ತಿಳಿಯುತ್ತದೆ. ಅರವತ್ತಮೂರಕ್ಕೆ ಹೇಗೆ ಹೊಡೆದಿದ್ದೆನೋ ಹಾಗೇ ಹೊಡೆದೆ. ಹೆಬ್ಬೆರಳು ಮೂರು ಕಡೆ ಮುರಿಯಿತು. ಹಸಿ ದಂಟಿನ ಸಪ್ಪಳ ಚೆನ್ನಾಗಿಯೇ ಬಂತು. ನೋವಿಗೆ ಕಣ್ಣು ಕತ್ತಲಾದರೂ ನಾನು ನಗುತ್ತಲೇ ಇದ್ದೆ. ಇಷ್ಟು ವರ್ಷ ಆ ಸಪ್ಪಳವನ್ನು ಹೊರಗಿನಿಂದ ಕೇಳಿದ್ದೆ, ಅವತ್ತು ಒಳಗಿನಿಂದ ಕೇಳಿದೆ. ನಾನು ಹೇಳಿಕೊಟ್ಟಂತೆ ಹೊನ್ನಿ ನರಳಿ, ಎದ್ದು ನಿಂತು ಏಳನೆಯ ಹಾಡು ಹಾಡಿದಳು. ಮೇಲಿನ ಸ್ವರಕ್ಕೆ ಹತ್ತಿದಾಗ ದನಿ ಒಡೆಯಿತು. ಎಂಥ ಸೀಳು! ಕೊರಳಮನೆಯ ಯಾವ ಹೆಣ್ಣೂ ಅಷ್ಟು ಹತ್ತಿರ ಬಂದಿರಲಿಲ್ಲ. ಬರುವುದು ಹೇಗೆ? ಅಂಬವ್ವನಿಗೆ ಇದ್ದದ್ದೇ ಇವಳಿಗೂ ಇತ್ತು. ದುಂದುಗಾರರ ಹಾಗೆ ಎರಡೂ ದಂಡೆ ಅತ್ತಿತು. ಬೆರಳಿಲ್ಲದ ಮೈಲಾರಪ್ಪ ಕೂಡ ಮೊಣಕಾಲೂರಿ, "ತಾಯಿ ತಿರುಗಿ ಬಂದ್ಳು" ಎಂದ. ಅವತ್ತು ಒಂದು ಕಲ್ಲೂ ಹಾರಲಿಲ್ಲ.

ನನ್ನ ಜಾಣತನಕ್ಕೆ ನಾನೇ ಮೂರು ದಿನ ಬೆನ್ನು ತಟ್ಟಿಕೊಂಡೆ. ಸಂಕಪ್ಪ ಹೇಳಿದ್ದ ಒಂದು ಮಾತನ್ನು ಮರೆತಿದ್ದೆ: ಎಂಟು ದಿನದಲ್ಲಿ ತನ್ನಿಂತಾನೆ ಹೋಗುತ್ತದೆ. ಹೋಯಿತು. ಅವನೂ ಕತ್ತೆ ಹೊಡೆದುಕೊಂಡು ಘಟ್ಟ ಇಳಿದು ಹೋಗಿದ್ದ. ಇವತ್ತು ಬೆಳಿಗ್ಗೆ ಹೊನ್ನಿ ಇಬ್ಬನಿ ಬಲೆ ಹಿಂಡುತ್ತಾ, ಮೈಮರೆತು, ಗುನುಗಿದ್ದಾಳೆ. ಮೇಲಿನ ಸ್ವರ ಹಾಲಿನ ಹಾಗೆ ನುಣ್ಣಗೆ ಹೋಗಿದೆ. ಅಂಗಳದ ಗೋಡೆಯಾಚೆ ಮೈಲಾರಪ್ಪ ಇದ್ದ. ನನ್ನ ಹೆಬ್ಬೆರಳ ಕಟ್ಟನ್ನು ಅವನು ಪೆಟ್ಟಿನ ದಿನವೇ ನೋಡಿದ್ದ. ಎರಡನ್ನೂ ಕೂಡಿಸಿ ಲೆಕ್ಕ ಹಾಕುವಷ್ಟು ಬುದ್ಧಿ ಅವನಿಗಿದೆ, ಏಳನೆಯ ಇಯತ್ತೆಯನ್ನು ನಿಜವಾಗಿ ಮುಗಿಸಿದವನು. "ಗೂಟದ ಯಮನ್ಯಾ ಅಬ್ಬೀನ ಕೊಂದಾನ, ತಾಯಿನ ಅಣಕ ಮಾಡ್ಯಾನ" ಎಂಬ ಕೂಗು ಎರಡೂ ದಂಡೆಯಲ್ಲಿ ಎದ್ದಿತು. ಅಂಬವ್ವನ ವಿಷಯದಲ್ಲಿ ಇನ್ನೂರು ವರ್ಷದಲ್ಲಿ ಮೊದಲ ಸಲ ಎರಡೂ ದಂಡೆ ಒಂದಾಗಿದೆ. ಆ ಕೀರ್ತಿಯೂ ನನ್ನದೇ.

ಈಗ ನಾವು ನಾಲ್ವರೂ ಹಿಂಬಾವಿಯ ಕಟ್ಟಡದೊಳಗೆ ಇದ್ದೇವೆ. ಬಾಗಿಲಿಗೆ ಬೀಸುಕಲ್ಲು ಒತ್ತಿಟ್ಟಿದ್ದೇವೆ. ಅಕ್ಕನ ಕೈಯಲ್ಲಿ ಸಲಾಕೆ, ಸಿದ್ಧಾಂಬೆಯ ಕೈಯಲ್ಲಿ ಒನಕೆ. ಹೊರಗೆ ಸುಣ್ಣ ಕುದಿಯುವ ವಾಸನೆ ಬರುತ್ತಿದೆ. ನೆರಳು ನಾಲ್ಕನೆಯ ಓಣಿಗೆ ಬಂದರೆ ಬಾಗಿಲು ಒಡೆಯುತ್ತೇವೆ ಎಂದು ಕೂಗಿ ಹೇಳಿದ್ದಾರೆ. ಆಗಲೇ ಒಬ್ಬ ಕಿಟಕಿಯಲ್ಲಿ ತಲೆ ಹಾಕಿದ್ದ. ಸಿದ್ಧಾಂಬೆ ಒನಕೆಯಿಂದ ಅವನ ದವಡೆ ಮುರಿದು ಕಳಿಸಿದಳು. ನನ್ನ ಹತ್ತಿರ ಗೂಟ ಇದೆ. ಅರವತ್ತಮೂರು ಸಲ ಕುತ್ತಿಗೆಗೆ ಇಳಿದದ್ದು, ಇವತ್ತು ತಲೆಗಳಿಗೆ ಇಳಿಯಲಿ. ನಮ್ಮಲ್ಲಿ ಯಾರು ಉಳಿಯುತ್ತಾರೆಂದು ನಾನು ಬಡಾಯಿ ಕೊಚ್ಚುವುದಿಲ್ಲ. ಇದೊಂದು ಸಲ.

ಬೇಡಿಕೆ ಇಷ್ಟೇ. ಮಾವನವರೇ, ನೀವೂ ನನ್ನಂತೆಯೇ ಸೋದರಮಾವ, ನನ್ನಂತೆಯೇ ತನಗೆ ಎಲ್ಲ ಗೊತ್ತು ಎನ್ನುವ ಜಾತಿಯವರು; ದನಿಯಲ್ಲೇ ಗೊತ್ತಾಯಿತು. ಆ ದಿನ ಹಾಡಿಸಬೇಡಿ ಎನ್ನಲಾರೆ. ಆ ಹಾಡು ಇರದಿದ್ದರೆ ಮೊದಲ ನಾಲ್ಕು ನೂರು ಮಂದಿ ಕತ್ತಿ ಇಳಿಸುತ್ತಿರಲಿಲ್ಲ. ಹಾಡಿಸಿ. ಆದರೆ ಮೊದಲಿನ ಮಾತನ್ನು ಹಾಗೇ ಬಿಡಿ. ನೀವು ಬಿಟ್ಟರೆ ನನಗ್ಯಾರೂ ಗೂಟದ ಯಮನಪ್ಪ ಎನ್ನುವುದಿಲ್ಲ, ಮೀನೆಲುಬಿನ ವಾಸನೆಯ ಸಜ್ಜಿ ಬೆಳೆದುಕೊಂಡು ಯಾರೂ ಕೇಳದ ಮನುಷ್ಯನಾಗಿ ಸಾಯುತ್ತೇನೆ. ಆಗಲಿ. ಗುರಾಂಬೆ ಶೇಂಗಾ ತಿನ್ನುತ್ತಾಳೆ. ಸಿದ್ಧಾಂಬೆಗೆ ಬಾಯಿ ಇರುತ್ತದೆ. ಅವಳ ಬಾಯಿಂದ ನಾಲ್ಕು ಬೈಗುಳ ತಿನ್ನಬೇಕೆಂದು ಆರು ವರ್ಷದಿಂದ ಆಸೆ.

ಹೊನ್ನಿ ಬಾವಿಯ ಕಟ್ಟೆಗೆ ಒರಗಿ ಹಾಡುತ್ತಿದ್ದಾಳೆ. ಏಳನೆಯ ಹಾಡು, ಸೀಳಿಲ್ಲದೆ. ಇನ್ನು ಮುಚ್ಚಿಡುವುದೇನಿದೆ ಎಂದು ನಾನೇ ಹಾಡು ಎಂದೆ. ನೀವು ಸೋಮವಾರ ಹಿಡಿಯೋಣ ಎಂದಿರಲ್ಲ, ಅದು ಹೀಗೆ ಇರುತ್ತಿತ್ತು. ಹೊರಗೆ ಕೂಗು ನಿಂತಿದೆ. ಕೇಳುತ್ತಿದ್ದಾರೋ, ತೊಲೆ ಎತ್ತುತ್ತಿದ್ದಾರೋ ತಿಳಿಯುತ್ತಿಲ್ಲ.

ನೆರಳು ನಾಲ್ಕನೆಯ ಓಣಿಗೆ ಕಾಲಿಟ್ಟಿತು. ಪತ್ರವನ್ನು ಬಾವಿಗೆ ಹಾಕುತ್ತೇನೆ. ಅಂಬವ್ವನಿಗೆ ಅರಿಸಿನದ ಹಾಲು ಕೊಡಿ, ಬೆಚ್ಚಗೆ ಮಲಗಿಸಿ. ಮತ್ತೆ, ಕೈಮುಗಿದು ಹೇಳುತ್ತೇನೆ ಮಾವನವರೇ, ಆ ಸೀನನ್ನು ಕತ್ತರಿಸಬೇಡಿ.